‘ನನಗೆ ಯೇಸು ಸಾಕು, ಸಿದ್ಧಾಂತ ಬೇಡ’

ಪ್ರಶ್ನೆ: ನನಗೆ 31 ವರ್ಷ. ಎರಡು ವರ್ಷದಲ್ಲಿ ಎರಡು ಸಲ ಗರ್ಭ ನಿಲ್ಲಲಿಲ್ಲ. ಮೊದಲನೆಯದು 9ನೇ ವಾರಕ್ಕೆ ಹೋಯಿತು, ಎರಡನೆಯದು 11ನೇ ವಾರಕ್ಕೆ. ನಮ್ಮ ಪ್ರಾರ್ಥನಾ ಗುಂಪಿನ ಒಬ್ಬ ಅಕ್ಕ, ‘ಎಲ್ಲೋ ಒಪ್ಪಿಕೊಳ್ಳದ ಪಾಪ ಇರಬೇಕು, ಇಲ್ಲಾಂದ್ರೆ ನಂಬಿಕೆ ಸಾಲದು’ ಎಂದರು. ಡಾಕ್ಟರ್ ಬರೆದುಕೊಟ್ಟ ಪರೀಕ್ಷೆ ಮಾಡಿಸುವುದೂ ಅಪನಂಬಿಕೆಯಂತೆ. ನನ್ನ ಗಂಡ ‘ಇದು ತಪ್ಪು ಬೋಧನೆ, ಗುಂಪು ಬಿಡು’ ಅಂತಾರೆ. ಅವರು ಸಿದ್ಧಾಂತದ ಪುಸ್ತಕಗಳಲ್ಲೇ ಮುಳುಗಿರುವವರು. ಆದರೆ ನಾನು ಅತ್ತರೆ ನೋಟ್‌ಬುಕ್ ತೆಗೆದು ದೇವರ ಸಾರ್ವಭೌಮತ್ವದ ಬಗ್ಗೆ ಶುರು ಮಾಡುತ್ತಾರೆ. ಗುಂಪಿನವರು ನನ್ನ ಜೊತೆ ಕೂತು ಅಳುತ್ತಾರೆ. ನನಗೆ ಯೇಸು ಸಾಕು, ಸಿದ್ಧಾಂತ ಬೇಡ ಅನ್ನಿಸಿಬಿಟ್ಟಿದೆ. ಏನು ಮಾಡಲಿ?

ಉತ್ತರ: ತಂಗೀ, ಮೊದಲು ಆ ಎರಡು ಮಕ್ಕಳ ಬಗ್ಗೆ. ನೀವು ವಾರಗಳನ್ನು ಲೆಕ್ಕ ಇಟ್ಟು ಬರೆದಿದ್ದೀರಿ. ಒಂಬತ್ತು, ಹನ್ನೊಂದು. ಅಷ್ಟರಲ್ಲಿ ಮನಸ್ಸಿನಲ್ಲೇ ಹೆಸರೂ ಇಟ್ಟಿರುತ್ತೀರಿ, ಅಲ್ವಾ? ಈ ದುಃಖಕ್ಕೆ ನೀವು ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ಪರೀಕ್ಷೆ ಮಾಡಿಸಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್‌ಗಳಲ್ಲಿನ ಏರುಪೇರು ಕಾರಣ. ತಾಯಿ ಏನು ತಿಂದಳು, ಎಷ್ಟು ಪ್ರಾರ್ಥಿಸಿದಳು ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಲವು ಕಾರಣಗಳಿಗೆ ಚಿಕಿತ್ಸೆಯೂ ಇದೆ. ಅಪೊಸ್ತಲ ಪೌಲನ ಜೊತೆ ಓಡಾಡಿದ ಲೂಕ ವೈದ್ಯನಾಗಿದ್ದ. ಹೊಟ್ಟೆ ಸರಿಯಿಲ್ಲದ ತನ್ನ ಶಿಷ್ಯ ತಿಮೊಥೆಯನಿಗೆ ಪೌಲ ‘ನಂಬಿಕೆ ಹೆಚ್ಚಿಸಿಕೋ’ ಎಂದು ಬರೆಯಲಿಲ್ಲ, ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಬರೆದ.

ಈಗ ‘ಸಿದ್ಧಾಂತ ಬೇಡ’ ಎಂಬ ಮಾತಿಗೆ ಬರೋಣ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮನ್ನು ರಾತ್ರಿ ಮಲಗಲು ಬಿಡದೆ ಕಾಡುತ್ತಿರುವುದೂ ಒಂದು ಸಿದ್ಧಾಂತವೇ. ‘ಒಳ್ಳೆಯವರಿಗೆ ಒಳ್ಳೆಯದೇ ಆಗುತ್ತದೆ. ನಿನಗೆ ಕೆಟ್ಟದ್ದಾಗಿದೆ. ಹಾಗಾದರೆ ನಿನ್ನಲ್ಲೇ ಏನೋ ಇದೆ.’ ಅದನ್ನು ಕಣ್ಣೀರಿನ ಜೊತೆ, ನಿಮ್ಮ ಬೆನ್ನು ಸವರುತ್ತಾ ಹೇಳಿದ್ದರಿಂದ ಅದು ನಿಮಗೆ ಪ್ರೀತಿಯ ಮಾತಿನ ಹಾಗೆ ಕೇಳಿಸಿತು. ಗಂಡ ನೋಟ್‌ಬುಕ್ ತೆರೆದು ಹೇಳಿದ್ದರಿಂದ ಅದು ಮಾತ್ರ ಸಿದ್ಧಾಂತ ಅನ್ನಿಸಿತು.

ಈ ವಾದ ಹೊಸದೇನಲ್ಲ. ಬೈಬಲ್‌ನಲ್ಲಿ ಯೋಬನ ಪುಸ್ತಕ ತೆಗೆಯಿರಿ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳೆದುಕೊಂಡ ಯೋಬನನ್ನು ನೋಡಲು ಮೂವರು ಗೆಳೆಯರು ಬಂದರು. ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಆಮೇಲೆ ಬಾಯಿ ಬಿಟ್ಟರು, ಅಲ್ಲಿಂದ ಕೆಟ್ಟಿತು. ಅಧ್ಯಾಯದ ಮೇಲೆ ಅಧ್ಯಾಯ ಅವರದು ಒಂದೇ ರಾಗ: ನೀನು ಏನೋ ಮಾಡಿದ್ದೀಯ, ಒಪ್ಪಿಕೋ. ಕೊನೆಯ ಅಧ್ಯಾಯದಲ್ಲಿ ದೇವರು ಆ ಗೆಳೆಯರಲ್ಲೊಬ್ಬನಾದ ಎಲೀಫಜನ ಮೇಲೂ ಉಳಿದಿಬ್ಬರ ಮೇಲೂ ಕೋಪ ಮಾಡಿಕೊಳ್ಳುತ್ತಾನೆ. ಯಾಕೆ ಗೊತ್ತಾ? ‘ನಿಮಗೆ ಪ್ರೀತಿ ಸಾಲದು’ ಎಂದಲ್ಲ. ‘ನೀವು ನನ್ನ ಬಗ್ಗೆ ಸರಿಯಾದದ್ದನ್ನು ಮಾತಾಡಲಿಲ್ಲ, ನನ್ನ ಸೇವಕ ಯೋಬ ಮಾತಾಡಿದ’ ಎಂದು. ಹುಟ್ಟಿದ ದಿನವನ್ನೇ ಶಪಿಸಿದ, ದೇವರ ಮೇಲೇ ದೂರು ಹೇಳಿದ ಯೋಬ! ನೊಂದವರ ಮುಂದೆ ತನ್ನ ಬಗ್ಗೆ ತಪ್ಪು ಹೇಳುವುದನ್ನು ದೇವರು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ. ಸಿದ್ಧಾಂತ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಬೇರೆಲ್ಲಾ ಬಿಟ್ಟು ಈ ಪುಟ ತೋರಿಸುತ್ತೇನೆ.

ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ನಿಮ್ಮ ಅಕ್ಕ ಕೇಳಿದ್ದನ್ನೇ. ಯಾರು ಪಾಪ ಮಾಡಿದರು, ಇವನೋ ಇವನ ಹೆತ್ತವರೋ? ಇವನೂ ಅಲ್ಲ, ಹೆತ್ತವರೂ ಅಲ್ಲ ಎಂದ ಯೇಸು. ‘ಯೇಸು ಸಾಕು’ ಅನ್ನುತ್ತೀರಲ್ಲ, ಆ ಯೇಸು ಹೇಳಿದ ಮಾತು ಇದು. ಇನ್ನು ನಂಬಿಕೆ ಸಾಲದು ಅನ್ನುವವರಿಗೆ: ಪೌಲ ತನ್ನ ಗೆಳೆಯ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ತನ್ನ ಶರೀರದಲ್ಲಿ ನಾಟಿದ್ದ ಮುಳ್ಳಿಗಾಗಿ ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ಪೌಲನಿಗೂ ನಂಬಿಕೆ ಕಡಿಮೆಯಿತ್ತಾ?

ನಿಮ್ಮ ಗಂಡ ತಪ್ಪು ಬೋಧನೆ ಅಂದದ್ದು ಸರಿ. ಅವರು ಎಡವಿದ್ದು ಬೇರೆ ಕಡೆ. ಈ ಮುಂದಿನದನ್ನು ಅವರಿಗೂ ಓದಿಸಿ.

ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನವಾಗಿತ್ತು. ಅವನ ಅಕ್ಕ ಮಾರ್ಥ ಯೇಸುವಿನ ಬಳಿ ಬಂದು, ‘ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ’ ಎಂದಳು. ಸ್ವಲ್ಪ ಹೊತ್ತಿಗೆ ಅವಳ ಸಹೋದರಿ ಮರಿಯ ಬಂದಳು, ಅವಳೂ ಅದೇ ಮಾತು ಹೇಳಿದಳು. ಮಾರ್ಥಳಿಗೆ ಯೇಸು ಕೊಟ್ಟದ್ದು ಉಪದೇಶ: ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ. ಮರಿಯಳಿಗೆ ಏನನ್ನೂ ಬೋಧಿಸಲಿಲ್ಲ. ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದ. ಅತ್ತ. ಯಾರಿಗೆ ಯಾವಾಗ ಯಾವುದು ಬೇಕು ಎಂಬುದು ಅವನಿಗೆ ಗೊತ್ತಿತ್ತು.

ನಾನೇನು ಸಾಚಾ ಅಲ್ಲ. ಒಮ್ಮೆ ಸಾವಿನ ಮನೆಯಲ್ಲಿ, ಸರಿಯಾಗಿ ಕೂರುವ ಮೊದಲೇ, ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಅನ್ನುವ ರೋಮಾಪುರದವರಿಗೆ ಬರೆದ ಪತ್ರಿಕೆಯ ವಾಕ್ಯ ಹೇಳಿದ್ದೆ. ಆ ತಾಯಿ ನನ್ನನ್ನು ಒಂದು ಗಳಿಗೆ ನೋಡಿದರು. ‘ಒಂದು ಲೋಟ ನೀರು ಕೊಡ್ತೀರಾ’ ಎಂದರು. ವಾಕ್ಯ ನಿಜವೇ. ಆ ಹೊತ್ತಿಗೆ ನಾನು ತರಬೇಕಾಗಿದ್ದದ್ದು ನೀರು.

ನಿಮ್ಮ ಗಂಡನ ಪುಸ್ತಕಗಳ ಮೇಲೆ ನಿಮಗೆ ಎಷ್ಟೇ ಸಿಟ್ಟಿದ್ದರೂ, ಅವುಗಳಲ್ಲಿರುವ ಒಂದು ವಿಷಯ ಮಾತ್ರ ನಿಮಗೂ ಬೇಕು. ಕ್ರಿ.ಶ. 325ರಲ್ಲಿ ನಿಸೀಯ ಎಂಬ ಊರಿನಲ್ಲಿ ಬಿಷಪರೆಲ್ಲಾ ಸೇರಿ ಒಂದು ಪದ ಹಿಡಿದು ವಾದ ಮಾಡಿದರು. ಮಗನು, ಅಂದರೆ ಯೇಸು, ಸೃಷ್ಟಿಯಾದವನು, ಅವನಿಲ್ಲದ ಕಾಲವೊಂದಿತ್ತು ಎಂದು ಆರಿಯಸ್ ಎಂಬ ಪಾದ್ರಿ ಕಲಿಸುತ್ತಿದ್ದ. ಸಭೆ ಒಪ್ಪಲಿಲ್ಲ, ಮಗನು ತಂದೆಯೊಂದಿಗೆ ಒಂದೇ ತತ್ವದವನು ಎಂದಿತು. ಆ ಮಾತಿಗೆ ಅಂಟಿಕೊಂಡ ಅಥನಾಸಿಯಸ್ ಎಂಬ ಬಿಷಪ್ 5 ಸಲ ಗಡೀಪಾರಾದ. ಒಂದು ಪದಕ್ಕೆ ಇಷ್ಟೆಲ್ಲಾ ಬೇಕಿತ್ತಾ ಅನ್ನಿಸಬಹುದು. ಆದರೆ ಲಾಜರನ ಸಮಾಧಿಯ ಹತ್ತಿರ ಅತ್ತದ್ದು ದೇವರು ಕಳಿಸಿದ ಯಾರೋ ಒಳ್ಳೆಯ ಮನುಷ್ಯನಷ್ಟೇ ಆಗಿದ್ದರೆ, ಆ ಕಣ್ಣೀರಿನಿಂದ ದೇವರ ಮನಸ್ಸು ನಿಮಗೆ ಹೇಗೆ ಗೊತ್ತಾಗಬೇಕು? ನಿಸೀಯದ ಮಾತು ನಿಜವಾದರೆ, ಯೇಸುವಿನ ಬೆನ್ನ ಹಿಂದೆ ನಿಮ್ಮ ತಪ್ಪು ಲೆಕ್ಕ ಹಾಕುತ್ತಾ ಕೂತ ಬೇರೊಬ್ಬ ದೇವರು ಇಲ್ಲ. ಆ ಅಕ್ಕ ನಿಮ್ಮ ತಲೆಗೆ ಹಾಕಿದ್ದು ಆ ಬೇರೊಬ್ಬನನ್ನು.

ಗುಂಪು ಬಿಡಬೇಕಾ? ಗಂಡ ಹೇಳಿದರು ಎಂಬ ಕಾರಣಕ್ಕೆ ಬಿಡಬೇಡಿ. ಮೊದಲು ಆ ಅಕ್ಕನ ಜೊತೆ ಒಬ್ಬರೇ ಕೂತು ಯೋಹಾನ 9 ಓದಿ. ‘ನೀವು ನನ್ನ ಜೊತೆ ಅತ್ತದ್ದನ್ನು ಮರೆಯಲ್ಲ. ಆದರೆ ಪಾಪದ ಮಾತು ನನ್ನನ್ನು ಕೊಲ್ಲುತ್ತಿದೆ, ಇದು ವಾಕ್ಯದ ಪ್ರಕಾರ ಸರಿಯೂ ಅಲ್ಲ’ ಎಂದು ಹೇಳಿ. ಅವರು ಅಳುಕಿದರೆ, ಯೋಚಿಸುತ್ತೇನೆ ಅಂದರೆ, ಉಳಿಯಿರಿ. ಗುಂಪಿನ ಮುಂದಾಳುಗಳೇ ಇದನ್ನು ಕಲಿಸುತ್ತಿದ್ದರೆ, ಪರೀಕ್ಷೆ ಬೇಡ ಎಂದು ಒತ್ತಾಯ ಮಾಡುತ್ತಿದ್ದರೆ, ಅಲ್ಲಿರಬೇಡಿ. ಅಲ್ಲಿ ನಾಳೆ ಇನ್ನೊಬ್ಬಳು ಔಷಧಿ ನಿಲ್ಲಿಸುತ್ತಾಳೆ. ಅತ್ತದ್ದು ನಿಜ ಪ್ರೀತಿಯಿಂದಲೇ ಇರಬಹುದು, ಅದರಿಂದ ಅಪಾಯ ಕಡಿಮೆಯಾಗುವುದಿಲ್ಲ.

ಗಂಡನಿಗೆ ಒಂದು ಕೆಲಸ ಕೊಡಿ. ಒಂದು ವಾರ ಅವರು ಏನನ್ನೂ ವಿವರಿಸಬಾರದು. ನೋಟ್‌ಬುಕ್ ಮುಚ್ಚಿರಲಿ. ಯೋಬನ ಗೆಳೆಯರಿಗೆ ಏಳು ದಿನ ಸಾಧ್ಯವಾಯಿತು, ಇವರಿಗೂ ಆಗುತ್ತದೆ. ಅವರೂ ಎರಡು ಮಕ್ಕಳನ್ನು ಕಳೆದುಕೊಂಡ ಅಪ್ಪ. ಆ ಪುಸ್ತಕಗಳ ರಾಶಿ ಅವರು ಅಳುವ ರೀತಿ ಇರಬಹುದು ಎಂದು ನನಗೊಂದು ಅನುಮಾನ. ಕೇಳಿ ನೋಡಿ.

ಆ ವಾರ ರಾತ್ರಿ ಇಬ್ಬರೂ ಸೇರಿ 88ನೇ ಕೀರ್ತನೆಯನ್ನು ಜೋರಾಗಿ ಓದಿ, ಬೇರೇನೂ ಬೇಡ. ಬೇರೆ ಕೀರ್ತನೆಗಳ ಹಾಗೆ ಅದು ಕೊನೆಗೆ ಸ್ತೋತ್ರದ ಕಡೆ ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಓದಿದ ಮೇಲೆ ಆಮೆನ್ ಅನ್ನಲು ಆಗದಿದ್ದರೆ ಅನ್ನಬೇಡಿ. ದೀಪ ಆರಿಸಿ ಮಲಗಿ. ಬೆಳಿಗ್ಗೆ ಪರೀಕ್ಷೆಗೆ ಸಮಯ ಗೊತ್ತು ಮಾಡಿ, ಗಂಡನನ್ನೂ ಕರೆದುಕೊಂಡು ಹೋಗಿ.