ಆರ್ಥರ್ ಬದುಕಿದ್ದಿದ್ದರೆ: ಮೇಷ್ಟ್ರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯ ಮೇಷ್ಟ್ರೇ,

ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಆರು ಮದುವೆಗಳ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಬರೆದ ಪತ್ರ ಕೈಸೇರಿತು. ಹೆನ್ರಿಯ ಅಣ್ಣ ಆರ್ಥರ್‌ಗೆ ಒಂದೇ ಸಾಲು ಕೊಟ್ಟು ಮುಂದೆ ಹೋಗಿದ್ದೀರಿ ಎಂಬುದು ನಿಮ್ಮ ಆಕ್ಷೇಪ. ಆ ಹುಡುಗ ಬದುಕಿ ಪಟ್ಟಕ್ಕೆ ಬಂದಿದ್ದರೆ ಇಂಗ್ಲೆಂಡ್ ಪೋಪರನ್ನು ಬಿಡುತ್ತಿರಲಿಲ್ಲ, ಹೆನ್ರಿ ಆರ್ಚ್‌ಬಿಷಪ್ ಆಗಿರುತ್ತಿದ್ದ, ಅವನ ಮಗಳು ಒಂದನೇ ಎಲಿಜಬೆತ್ ಹುಟ್ಟುತ್ತಿರಲಿಲ್ಲ, ಈಸ್ಟ್ ಇಂಡಿಯಾ ಕಂಪನಿಯೂ ನಮ್ಮ ಕಡೆ ಬರುತ್ತಿರಲಿಲ್ಲ ಎಂದಿದ್ದೀರಿ. ಒಂದು ಸಾಲು ಸಾಲದಾಯಿತು ಎಂಬ ಮಾತು ಪೂರ್ತಿ ನಿಜ. ಉಳಿದದ್ದರಲ್ಲಿ ಕೆಲವನ್ನು ಒಪ್ಪುತ್ತೇನೆ, ಕೆಲವಕ್ಕೆ ತಕರಾರಿದೆ.

ಆರ್ಥರ್ ಹುಟ್ಟಿದ್ದು 1486ರ ಸೆಪ್ಟೆಂಬರ್‌ನಲ್ಲಿ, ವಿಂಚೆಸ್ಟರ್‌ನಲ್ಲಿ. ಯುದ್ಧ ಗೆದ್ದು ಸಿಂಹಾಸನ ಹಿಡಿದು ವರ್ಷವಷ್ಟೇ ಆಗಿದ್ದ ಅಪ್ಪ ಏಳನೇ ಹೆನ್ರಿ ಹೆಂಡತಿಯನ್ನು ಹೆರಿಗೆಗೆ ಬೇಕೆಂದೇ ಅಲ್ಲಿಗೆ ಕರೆದೊಯ್ದಿದ್ದ. ಐತಿಹ್ಯದ ಆರ್ಥರ್ ರಾಜನ ಊರು ಅದೇ ಎಂದು ಜನ ನಂಬಿದ್ದರು. ಮಗುವಿಗೂ ಅದೇ ಹೆಸರಿಟ್ಟರು. ಮೂರು ವರ್ಷ ತುಂಬುವ ಮೊದಲೇ ಸ್ಪೇನ್‌ನ ರಾಜಕುಮಾರಿ ಕ್ಯಾಥರಿನ್ ಜೊತೆ ಸಂಬಂಧ ಕುದುರಿತು, ವರದಕ್ಷಿಣೆ 2 ಲಕ್ಷ ಕ್ರೌನ್. ಮಕ್ಕಳಿಬ್ಬರೂ ಲ್ಯಾಟಿನ್‌ನಲ್ಲಿ ಕಾಗದ ಬರೆದುಕೊಂಡರು. 1501ರ ನವೆಂಬರ್‌ನಲ್ಲಿ ಮೊದಲ ಸಲ ಎದುರುಬದುರಾದಾಗ ಒಬ್ಬರ ಲ್ಯಾಟಿನ್ ಉಚ್ಚಾರ ಇನ್ನೊಬ್ಬರಿಗೆ ತಿಳಿಯದೆ, ಬಿಷಪ್ಪರು ನಡುವೆ ನಿಂತು ಹೇಳಬೇಕಾಯಿತು. 14ರಂದು ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ ಮದುವೆ. ಇಬ್ಬರಿಗೂ 15 ವರ್ಷ. ವೇಲ್ಸ್ ಗಡಿಯ ಲಡ್ಲೋ ಕೋಟೆಗೆ ಸಂಸಾರ ಹೋಯಿತು. ಅಲ್ಲಿ 1502ರ ಏಪ್ರಿಲ್ 2ರಂದು ಆರ್ಥರ್ ತೀರಿಕೊಂಡ. ಹಾಸಿಗೆ ಹಿಡಿದಿದ್ದ ಕ್ಯಾಥರಿನ್ ಹೇಗೋ ಉಳಿದುಕೊಂಡಳು. ಮದುವೆಯಾಗಿ ಐದು ತಿಂಗಳೂ ಆಗಿರಲಿಲ್ಲ.

ಅತ್ತಿಗೆ ತಾಯಿ ಸಮಾನ ಎನ್ನುವವರು ನಾವು. ಮೈದುನ ಅತ್ತಿಗೆಯನ್ನು ಮದುವೆಯಾಗಲು ಅಲ್ಲೂ ಅಡ್ಡಿಯಿತ್ತು. ಪೋಪ್ ಎರಡನೇ ಜೂಲಿಯಸ್ ವಿಶೇಷ ಅನುಮತಿ ಕೊಟ್ಟಿದ್ದರಿಂದ, 1509ರಲ್ಲಿ ಪಟ್ಟಕ್ಕೆ ಬಂದ ಹೆನ್ರಿ ಅವಳ ಕೈಹಿಡಿದ. ಗಂಡುಮಕ್ಕಳು ಉಳಿಯದೆ ಹೋದಾಗ, ಅಣ್ಣನ ಹೆಂಡತಿಯನ್ನು ಕಟ್ಟಿಕೊಂಡವನಿಗೆ ಸಂತಾನವಿಲ್ಲ ಎಂಬ ಬೈಬಲ್ಲಿನ ಯಾಜಕಕಾಂಡದ ಮಾತನ್ನು ಅವನೇ ಎತ್ತಿ ಹಿಡಿದ. 1529ರಲ್ಲಿ ಬ್ಲ್ಯಾಕ್‌ಫ್ರಯರ್ಸ್‌ನಲ್ಲಿ ಈ ಮದುವೆ ರದ್ದಾಗಬೇಕೆಂಬ ಅವನ ಮೊಕದ್ದಮೆಯ ವಿಚಾರಣೆ ನಡೆದಾಗ, 27 ವರ್ಷದ ಹಿಂದೆ ಸತ್ತ ಹುಡುಗನ ಮೊದಲ ರಾತ್ರಿಯ ಬಗ್ಗೆ ವಯಸ್ಸಾದ ಆಸ್ಥಾನಿಕರು ಸಾಕ್ಷಿ ನುಡಿದರು. ತಾನು ಕನ್ಯೆಯಾಗಿಯೇ ಹೆನ್ರಿಯನ್ನು ಮದುವೆಯಾದೆ ಎಂದು ಕ್ಯಾಥರಿನ್ ಕೊನೆಯವರೆಗೂ ಹೇಳಿದಳು. ನಾನು ಅವಳನ್ನು ನಂಬುತ್ತೇನೆ. ಪೋಪ್ ಮದುವೆ ರದ್ದು ಮಾಡದ್ದರಿಂದಲೇ ಹೆನ್ರಿ ಅವರನ್ನು ಬಿಟ್ಟದ್ದು. ಆರ್ಥರ್ ಬದುಕಿದ್ದರೆ ಈ ವ್ಯಾಜ್ಯವೇ ಹುಟ್ಟುತ್ತಿರಲಿಲ್ಲ. ಇಲ್ಲಿ ನಿಮ್ಮ ಮಾತು ಗಟ್ಟಿ.

ಆರ್ಚ್‌ಬಿಷಪ್ ಕತೆ ಮಾತ್ರ ಬೇಡ. ಅದು ಕೇಳಿಬಂದದ್ದೇ 17ನೇ ಶತಮಾನದಲ್ಲಿ. 1494ರಲ್ಲಿ, ಮೂರು ವರ್ಷದ ಹೆನ್ರಿಗೆ ಯಾರ್ಕ್‌ನ ಡ್ಯೂಕ್ ಪದವಿ ಕೊಟ್ಟಾಗಿತ್ತು. ಮಠಕ್ಕೆ ಬಿಡುವ ಮಗನಿಗೆ ಯಾರೂ ಹಾಗೆ ಮಾಡುವುದಿಲ್ಲ.

ಪೋಪರ ವಿಷಯದಲ್ಲೂ ನಿಮ್ಮಷ್ಟು ಖಾತ್ರಿ ನನಗಿಲ್ಲ. ಹೆನ್ರಿಯ ಮದುವೆ ಗಲಾಟೆಗೆ ಮೊದಲೇ, ಪೋಪರನ್ನು ಎದುರಿಸಿದ ಜರ್ಮನ್ ಪಾದ್ರಿ ಲೂಥರನ ಪುಸ್ತಕಗಳು ಲಂಡನ್ನಿಗೆ ಬಂದಿದ್ದವು. 1526ರಲ್ಲಿ ಟಿಂಡೇಲ್ ಇಂಗ್ಲಿಷಿಗೆ ತಂದ ಬೈಬಲ್ಲಿನ ಹೊಸ ಒಡಂಬಡಿಕೆಯೂ ಅಚ್ಚಾಯಿತು. 1527ರಲ್ಲಿ ಸ್ವೀಡನ್ನಿನ ರಾಜ ಗುಸ್ತಾವ್ ವಾಸಾ ಚರ್ಚಿನ ಆಸ್ತಿಗೆ ಕೈಹಾಕಿದಾಗ ಅವನಿಗಿನ್ನೂ ಮದುವೆಯೇ ಆಗಿರಲಿಲ್ಲ, ತಲೆಯ ಮೇಲೆ ಸಾಲವಿತ್ತು. ಸಾಲವಾದರೆ ಆರ್ಥರನ ಕಣ್ಣೂ ಮಠಗಳ ಜಮೀನಿನ ಮೇಲೆ ಬೀಳುತ್ತಿತ್ತೇನೋ. ಆದರೆ ಹೆಂಡತಿಯ ಕಡೆಯ ನೆಂಟಸ್ತಿಕೆ ಅವನ ಕೈ ಕಟ್ಟುತ್ತಿತ್ತು: ಸ್ಪೇನಿನ ದೊರೆಯೂ ಕಟ್ಟಾ ಕ್ಯಾಥೊಲಿಕನೂ ಆದ ಸಾಮ್ರಾಟ ಐದನೇ ಚಾರ್ಲ್ಸ್ ಕ್ಯಾಥರಿನ್‌ಳ ಅಕ್ಕನ ಮಗ. ಪ್ರಾಟೆಸ್ಟೆಂಟ್ ಎಂಬ ಹೊಸ ಮತ ಇಂಗ್ಲೆಂಡಿಗೂ ಬರುತ್ತಿತ್ತು, ಫ್ರಾನ್ಸಿನಲ್ಲಿ ಆದ ಹಾಗೆ ಅರಮನೆಯ ವಿರೋಧ ಕಟ್ಟಿಕೊಂಡು. 1534ರಲ್ಲಿ ಹೆನ್ರಿ ಮಾಡಿದಂತೆ ರಾಜನೇ ಕಾನೂನು ತಂದು ಚರ್ಚಿನ ಯಜಮಾನನಾಗುವುದು ನಡೆಯುತ್ತಿರಲಿಲ್ಲ ಎನಿಸುತ್ತದೆ.

ಇನ್ನು ಕಂಪನಿ. ಅದಕ್ಕೆ ಎಲಿಜಬೆತ್ ಸನ್ನದು ಕೊಟ್ಟದ್ದು 1600ರ ಕೊನೆಯ ದಿನ ಎಂಬುದು ಸರಿ. ಆದರೆ ಪೋರ್ಚುಗೀಸರು 1510ರಲ್ಲೇ ಗೋವೆ ಹಿಡಿದಿದ್ದರು, ಡಚ್ಚರು 1602ರಲ್ಲಿ ತಮ್ಮದೇ ಕಂಪನಿ ಕಟ್ಟಿದರು. ಮೆಣಸಿನ ಲಾಭಕ್ಕೆ ಆಸೆಪಟ್ಟ ಲಂಡನ್ನಿನ ವ್ಯಾಪಾರಿಗಳು ಯಾವ ರಾಜನಿದ್ದರೂ ಅವನ ಬಾಗಿಲಿಗೆ ಹೋಗುತ್ತಿದ್ದರು.

ನಿಮ್ಮ ಪತ್ರದಲ್ಲಿ ಬಾರದವಳು ಒಬ್ಬಳಿದ್ದಾಳೆ. ಅವಳಿಗಾಗಿಯೇ ಈ ಉತ್ತರ ಇಷ್ಟು ಉದ್ದವಾಯಿತು. ಅವಳು ಆರ್ಥರನ ತಾಯಿ, ಯಾರ್ಕ್ ಮನೆತನದ ಎಲಿಜಬೆತ್. ಸಾವಿನ ಸುದ್ದಿ ಗ್ರೀನ್‌ವಿಚ್ ಅರಮನೆ ಮುಟ್ಟಿದಾಗ ಅದನ್ನು ರಾಜನಿಗೆ ಹೇಳುವ ಕೆಲಸ ಅವನ ಪಾಪನಿವೇದನೆ ಕೇಳುವ ಪಾದ್ರಿಯ ಪಾಲಿಗೆ ಬಂತು. ಬೆಳಬೆಳಗ್ಗೆ ಹೋಗಿ ಬಾಗಿಲು ತಟ್ಟಿದ. ಸುದ್ದಿ ಕೇಳಿದ ರಾಜ ರಾಣಿಯನ್ನು ಕರೆಸಿಕೊಂಡ, ಈ ದುಃಖವನ್ನು ಇಬ್ಬರೂ ಒಟ್ಟಿಗೆ ಹೊರೋಣ ಎಂದು. ಅವಳು ಬಂದು ಗಂಡನನ್ನೇ ಸಂತೈಸಿದಳು. ‘ನಿಮ್ಮ ತಾಯಿಗೂ ನೀವೊಬ್ಬರೇ ಮಗ, ದೇವರು ಕಾಪಾಡಲಿಲ್ಲವೇ. ನಮಗಿನ್ನೂ ಒಬ್ಬ ಮಗನಿದ್ದಾನೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನಮಗಿನ್ನೂ ವಯಸ್ಸಿದೆ’ ಎಂಬರ್ಥದ ಮಾತುಗಳನ್ನು ಆ ಕಾಲದವರೇ ಬರೆದಿಟ್ಟಿದ್ದಾರೆ. ಇಷ್ಟು ಹೇಳಿ ತನ್ನ ಕೋಣೆಗೆ ಹೋದವಳು ಅಲ್ಲಿ ಕುಸಿದಳು. ಸಖಿಯರು ರಾಜನಿಗೆ ಹೇಳಿ ಕಳಿಸಿದರು. ಈಗ ಸಂತೈಸುವ ಸರದಿ ಅವನದಾಯಿತು.

ಆಗ ಅವಳಿಗೆ 36. ಮತ್ತೆ ಬಸುರಾದಳು. 1503ರ ಫೆಬ್ರವರಿ 2ರಂದು ಲಂಡನ್ ಟವರಿನಲ್ಲಿ ಹೆಣ್ಣು ಹೆತ್ತಳು. 11ರಂದು, ಅವಳ 37ನೇ ಹುಟ್ಟುಹಬ್ಬದ ದಿನ, ಬಾಣಂತಿಯಾಗಿಯೇ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಆರ್ಥರ್ ಬದುಕಿದ್ದರೆ ಬಹುಶಃ ಆ ಬಸಿರು ಬೇಕಾಗುತ್ತಿರಲಿಲ್ಲ, 11 ವರ್ಷದ ಹೆನ್ರಿ ಹತ್ತೇ ತಿಂಗಳಲ್ಲಿ ಅಣ್ಣನನ್ನೂ ತಾಯಿಯನ್ನೂ ಕಳೆದುಕೊಳ್ಳುತ್ತಿರಲಿಲ್ಲ. ಮೇಷ್ಟ್ರೇ, ಮುಂದೆ ಮಕ್ಕಳು ಈ ಪ್ರಶ್ನೆ ಎತ್ತಿದರೆ ಕಂಪನಿಗಿಂತ ಮೊದಲು ಈ ತಾಯಿಯ ಕತೆ ಹೇಳಿ.

ಆರ್ಥರನ ಶವ ಲಡ್ಲೋದಿಂದ ವೂಸ್ಟರ್‌ಗೆ ಹೊರಟಾಗ ಗಾಳಿ, ಮಳೆ, ಚಳಿ. ಕೆಸರಿನಲ್ಲಿ ಗಾಡಿ ಹೂತು, ಅಲ್ಲಲ್ಲಿ ಎತ್ತು ಹೂಡಿ ಎಳೆಸಬೇಕಾಯಿತು. ಗುಂಡಿಯ ಬಳಿ ಅವನ ಅಧಿಕಾರಿಗಳು ಅಳುತ್ತ ತಮ್ಮ ಅಧಿಕಾರದ ಕೋಲುಗಳನ್ನು ಮುರಿದು ಒಳಗೆ ಹಾಕಿದರು. ಸಮಾಧಿಯ ಸುತ್ತ ಕಟ್ಟಿದ ಗುಡಿಯ ಕಲ್ಲಿನಲ್ಲಿ ಅವನ ವಂಶವಾದ ಟ್ಯೂಡರರ ಗುಲಾಬಿಯ ಜೊತೆ ಕ್ಯಾಥರಿನ್‌ಳ ಲಾಂಛನವಾದ ದಾಳಿಂಬೆಯೂ ಇದೆ. ಸಮಾಧಿಯಿರುವ ವೂಸ್ಟರ್ ಚರ್ಚಿನ ಸನ್ಯಾಸಿಗಳ ಮಠವನ್ನು 1540ರಲ್ಲಿ ಮುಚ್ಚಿಸಿದವನು ತಮ್ಮ ಹೆನ್ರಿ. ಅಣ್ಣನ ಸಮಾಧಿ ಉಳಿಯಿತು. ಅದು ಈಗಲೂ ಅಲ್ಲೇ ಇದೆ.

ಸಂಪಾದಕ