ಮುಟ್ಟಿದರೆ ಪುಡಿಯಾಗುವ ಹಳೇ ಕಾರಿನ ಕಪ್ಲರ್: ಇಡೀ ವೈರಿಂಗ್ ಬದಲಿಸಬೇಕಾ?

ನಿಮ್ಮ ಪ್ರಶ್ನೆ ಇಷ್ಟು. ಬಾಗಲಕೋಟೆ ನವನಗರದಲ್ಲಿದ್ದೀರಿ, 2002ರ ಮಾರುತಿ ಜೆನ್ ಇದೆ. ಬಾನೆಟ್ ಒಳಗಿನ ಕಪ್ಲರ್‌ಗಳು, ಅಂದರೆ ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿಗಳು, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿವೆ. ಎರಡರ ಲಾಕ್ ಹೋಗಿದೆ, ಮೈಲೇಜ್ ಇಳಿದಿದೆ, ಬಲಗಡೆ ಹೆಡ್‌ಲೈಟ್ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿದೆ. ಗ್ಯಾರೇಜಿನವರು ಇಡೀ ವೈರಿಂಗ್ ಬದಲಿಸಬೇಕು ಅಂದಿದ್ದಾರೆ. ಫೆವಿಕ್ವಿಕ್ ಹಾಕಿ ಇನ್ನೊಂದಷ್ಟು ದಿನ ತಳ್ಳಬಹುದಾ ಅಂತಲೂ ಕೇಳಿದ್ದೀರಿ.

ಇಡೀ ವೈರಿಂಗ್ ಬೇಡ. ಫೆವಿಕ್ವಿಕ್ಕೂ ಬೇಡ. ಸತ್ತಿರುವುದು ಪ್ಲಾಸ್ಟಿಕ್. ಅದರೊಳಗಿನ ಪಿನ್ನು, ಪಿನ್ನಿನ ಹಿಂದಿನ ತಾಮ್ರ ಹೆಚ್ಚಿನ ಕಡೆ ಇನ್ನೂ ಗಟ್ಟಿಯಾಗಿರುತ್ತವೆ. ಆ ಪ್ಲಾಸ್ಟಿಕ್ ಗೂಡನ್ನಷ್ಟೇ ಬದಲಿಸಿದರೆ ಕೆಲಸ ಮುಗಿಯಿತು.

ನಾನು ಕಾರ್ ಮೆಕ್ಯಾನಿಕ್ ಅಲ್ಲ. ವಿಜಯಪುರದಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುತ್ತೇನೆ. ಅಪ್ಪನಿಂದ ಬಂದ ಜೆನ್ ಒಂದಿದೆ, ನಿಮ್ಮದಕ್ಕಿಂತ ಒಂದು ವರ್ಷ ಹಿರಿಯದು. ಅದರಲ್ಲಿ ಇಲ್ಲಿಯವರೆಗೆ 11 ಕಪ್ಲರ್ ಬದಲಿಸಿದ್ದೇನೆ. ಮೊದಲ ಎರಡನ್ನು ಕೆಡಿಸಿ ಕಲಿತೆ.

ಕೆಡಿಸಿದ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ಇಂಜಿನ್ ಮೇಲಿನ ಒಂದು ಮೂರು ವೈರಿನ ಕಪ್ಲರ್ ಕೈಯಲ್ಲೇ ಒಡೆಯಿತು. ನನ್ನ ಕೈಗೆ ಕಟಿಂಗ್ ಪ್ಲೈಯರ್ ಬೇಗ ಬರುತ್ತದೆ, ಕಸುಬಿನ ಚಟ. ಮೂರೂ ವೈರನ್ನು ಒಂದೇ ಏಟಿಗೆ ಒಂದೇ ಅಳತೆಯಲ್ಲಿ ಕತ್ತರಿಸಿದೆ. ಗುಜರಿಯಿಂದ ತಂದ ಕಪ್ಲರಿನ ಬಾಲಕ್ಕೆ ತಿರುಚಿ ಜೋಡಿಸಿ, ಪ್ಲಾಸ್ಟಿಕ್ ಇನ್ಸುಲೇಷನ್ ಟೇಪ್ ಸುತ್ತಿದೆ. ಚಳಿಗಾಲವೆಲ್ಲ ಚೆನ್ನಾಗಿಯೇ ಓಡಿತು. ಮೇ ತಿಂಗಳಲ್ಲಿ ಬಾಗಲಕೋಟೆಗೆ ಬರುವಾಗ ಕೊಲ್ಹಾರ ಸೇತುವೆ ಇನ್ನೇನು ಬರಬೇಕು, ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಬಾನೆಟ್ ಎತ್ತಿ ನೋಡಿದರೆ ಟೇಪಿನ ಅಂಟು ಕರಗಿ ಬೆಲ್ಲದ ಪಾಕದ ಹಾಗೆ ಇಳಿದಿದೆ. ಟೇಪು ಜಾರಿ, ಅಕ್ಕಪಕ್ಕ ಇದ್ದ ಎರಡು ಬೆತ್ತಲೆ ಜಾಯಿಂಟ್ ಒಂದಕ್ಕೊಂದು ತಾಗಿವೆ. ಹೆಂಡತಿ, ಮಗು, ಮೂರು ಗಂಟೆಯ ಬಿಸಿಲು. ಹಿನ್ನೀರು ಕಣ್ಣೆದುರಿಗೇ ಇತ್ತು, ಕುಡಿಯಲು ಮಾತ್ರ ಒಂದೇ ಬಾಟಲಿ.

ಮರುದಿನ ಸಿಂದಗಿ ನಾಕಾ ಕಡೆ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ನನ್ನ ಜಾಯಿಂಟ್ ನೋಡಿ ಚಾಚಾ ಬೈಯಲಿಲ್ಲ. "ತಮ್ಮಾ, ಕತ್ತರಿ ಒಳಗ ಇಡು. ಮೊದಲ ಸೂಜಿ ತಗೋ" ಅಂದರು. ಅಂದಿನಿಂದ ನಾನು ಹಾಗೇ ಮಾಡುತ್ತಿದ್ದೇನೆ.

ಇವು ಯಾಕೆ ಹೀಗಾಗುತ್ತವೆ ಅನ್ನುವುದು ಗೊತ್ತಿದ್ದರೆ ಬಿಚ್ಚುವಾಗ ಕೈ ತಾನಾಗಿಯೇ ಮೆತ್ತಗಾಗುತ್ತದೆ. ಕಪ್ಲರ್‌ಗೆ ಬಳಸುವುದು ಹೆಚ್ಚಾಗಿ ನೈಲಾನ್, ಇಲ್ಲವೇ ಪಿಬಿಟಿ ಅನ್ನುವ ಪ್ಲಾಸ್ಟಿಕ್. ನೈಲಾನ್ ಗಾಳಿಯಿಂದ ಸ್ವಲ್ಪ ತೇವ ಹೀರಿ ಇಟ್ಟುಕೊಂಡಿರುತ್ತದೆ. ಆ ತೇವ ಇದ್ದಷ್ಟು ದಿನ ಬಾಗುತ್ತದೆ. ವರ್ಷಗಟ್ಟಲೆ ಇಂಜಿನ್ ಬಿಸಿಗೆ ಬೆಂದರೆ ತೇವವೂ ಹೋಗುತ್ತದೆ, ಪ್ಲಾಸ್ಟಿಕ್ಕೂ ಒಳಗೊಳಗೇ ಸುಟ್ಟು ಗಾಜಿನಂತಾಗುತ್ತದೆ. ಪಿಬಿಟಿಯದು ಉಲ್ಟಾ, ಅದಕ್ಕೆ ಬಿಸಿ ಮತ್ತು ತೇವ ಎರಡೂ ಒಟ್ಟಿಗೆ ಸಿಕ್ಕರೆ ಕೆಡುಕು. ಹಾಗಾಗಿ ನಮ್ಮ ಒಣ ಬಿಸಿಲಿನ ಊರಾದರೂ ಸರಿ, ಮಳೆಯ ಬೆಳಗಾವಿಯಾದರೂ ಸರಿ, ಇಪ್ಪತ್ತು ವರ್ಷಕ್ಕೆ ಗತಿ ಒಂದೇ. ನಾನು ನೋಡಿದಂತೆ ಬೆಳಗಾವಿ ಕಡೆಯ ಗಾಡಿಗಳಲ್ಲಿ ಪಿನ್ನಿಗೆ ಹಸಿರು ಕಿಲುಬು ಜಾಸ್ತಿ, ನಮ್ಮಲ್ಲಿ ಪ್ಲಾಸ್ಟಿಕ್ ಪುಡಿ ಜಾಸ್ತಿ. ಇದು ಕಂಪನಿಯ ತಪ್ಪಲ್ಲ, ವಯಸ್ಸು. ಡ್ಯಾಶ್‌ಬೋರ್ಡ್ ಒಳಗಿನ ಕಪ್ಲರ್ ಒಂದನ್ನು ಮುಟ್ಟಿ ನೋಡಿ, ಇನ್ನೂ ಹೊಸದರ ಹಾಗೇ ಇರುತ್ತದೆ. ಅದಕ್ಕೇ ಇಡೀ ವೈರಿಂಗ್ ಬದಲಿಸುವುದು ದಂಡ ಅಂದೆ.

ಈಗ ಕೆಲಸ. 10 ಎಂಎಂ ಸ್ಪ್ಯಾನರ್‌ನಿಂದ ಬ್ಯಾಟರಿಯ ಮೈನಸ್ ತೆಗೆದಿಡಿ. ಇಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಕಲಿತದ್ದನ್ನೆಲ್ಲ ಮರೆಯುತ್ತದೆ, ಆಮೇಲೆ ಒಂದೆರಡು ದಿನ ಐಡ್ಲಿಂಗ್ ಏರಿಳಿಯಬಹುದು. ಗಾಬರಿ ಬೇಡ. ಬೇರೆ ಕಾರಿನವರು ಇದನ್ನು ಓದುತ್ತಿದ್ದರೆ ಒಂದು ಮಾತು: ಹಳದಿ ಬಣ್ಣದ ಕಪ್ಲರ್ ಅಂದರೆ ಏರ್‌ಬ್ಯಾಗ್, ಅದರ ತಂಟೆಗೆ ಹೋಗಬೇಡಿ.

ತಣ್ಣಗಿರುವ ಹಳೇ ಕಪ್ಲರ್ ಬಿಚ್ಚಲೇಬೇಡಿ. ಬ್ಯಾಟರಿ ತೆಗೆಯುವ ಮುಂಚೆ ಇಂಜಿನ್ ಐದು ನಿಮಿಷ ಓಡಿಸಿ, ಕೈ ಇಡುವಷ್ಟು ಆರಿದ ಮೇಲೆ ಶುರುಮಾಡಿ. ಇಲ್ಲವೇ ಮನೆಯಲ್ಲಿ ಹೇರ್ ಡ್ರೈಯರ್ ಇದ್ದರೆ ಅರ್ಧ ನಿಮಿಷ ಬಿಸಿ ಗಾಳಿ ಹಿಡಿಯಿರಿ. ಬೆಚ್ಚಗಿದ್ದಾಗ ಲಾಕಿನ ನಾಲಿಗೆ ಒಂದಿಷ್ಟಾದರೂ ಬಾಗುತ್ತದೆ. ಸೈಕಲ್ ಪಂಪಿನಿಂದ ಧೂಳು ಊದಿ. ನಮ್ಮ ಕರಿಮಣ್ಣಿನ ಧೂಳು ಲಾಕಿನ ಸಂದಿಯಲ್ಲಿ ಕೂತಿದ್ದರೆ ಎಷ್ಟು ಒತ್ತಿದರೂ ಬಿಡುವುದಿಲ್ಲ. ಆಮೇಲೆ ಕಪ್ಲರನ್ನು ಮೊದಲು ಒಳಗೆ ತಳ್ಳಿ, ಲಾಕಿನ ಮೇಲಿನ ಬಿಗಿ ಸಡಿಲವಾಗುತ್ತದೆ. ಆಗ ಲಾಕ್ ಒತ್ತಿ, ಮೈ ಹಿಡಿದು ಎಳೆಯಿರಿ. ವೈರ್ ಹಿಡಿದು ಎಳೆದರೆ ಕೈಗೆ ವೈರ್ ಮಾತ್ರ ಬರುತ್ತದೆ.

ಬಿಚ್ಚಿದ ಮೇಲೆ ಮೊಬೈಲಿನಲ್ಲಿ ಎರಡು ಫೋಟೋ: ಮುಂದಿನಿಂದ ಒಂದು, ವೈರಿನ ಬಣ್ಣ ಕಾಣುವಂತೆ ಹಿಂದಿನಿಂದ ಒಂದು. ಈಗ ಬಾಯಿಯ ಕಡೆಯಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ಪ್ರತಿ ಪಿನ್ನಿನ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ, ಪಿನ್ನನ್ನು ಹಿಡಿದಿರುವುದು ಅದೇ. ಕೆಲವದರಲ್ಲಿ ಎಲ್ಲ ಪಿನ್ನಿಗೂ ಸೇರಿ ಬೇರೆ ಬಣ್ಣದ ಇನ್ನೊಂದು ಪಟ್ಟಿಯೂ ಇರುತ್ತದೆ, ಅದನ್ನು ಮೊದಲು ಸರಿಸಬೇಕು. ಹಿಂದಿನಿಂದ ವೈರನ್ನು ಒಂದು ಕೂದಲೆಳೆಯಷ್ಟು ಒಳಗೆ ತಳ್ಳಿ. ಗೋಣಿಚೀಲ ಹೊಲಿಯುವ ದಬ್ಬಣ ದಪ್ಪವಾಯಿತು, ಬಟ್ಟೆ ಹೊಲಿಯುವ ದೊಡ್ಡ ಸೂಜಿ ಸರಿ. ಸೂಜಿಯನ್ನು ನಾಲಿಗೆ ಮತ್ತು ಪಿನ್ನಿನ ನಡುವೆ ತೂರಿಸಿ ನಾಲಿಗೆಯನ್ನು ಎತ್ತಿ, ವೈರನ್ನು ಹಿಂದಕ್ಕೆ ಮೆಲ್ಲಗೆ ಎಳೆಯಿರಿ. ಸರಿಯಾಗಿ ಎತ್ತಿದ್ದರೆ ಬೆಣ್ಣೆಯಿಂದ ಕೂದಲು ಬಂದ ಹಾಗೆ ಬರುತ್ತದೆ. ಬಲ ಹಾಕಬೇಕು ಅನ್ನಿಸಿದರೆ ನಾಲಿಗೆ ಇನ್ನೂ ಹಿಡಿದಿದೆ ಅಂತ ಅರ್ಥ.

ಕೆಲವು ಪಿನ್ನಿನಲ್ಲಿ ಆ ನಾಲಿಗೆ ಲೋಹದ್ದೇ ಆಗಿರುತ್ತದೆ. ಅದನ್ನು ಸೂಜಿಯಿಂದ ಒಳಗೆ ಅದುಮಿ ಎಳೆಯಬೇಕು. ಹೊಸ ಗೂಡಿಗೆ ಹಾಕುವ ಮುಂಚೆ ಮತ್ತೆ ಹೊರಕ್ಕೆ ಬಗ್ಗಿಸಿಡಬೇಕು. ಇದನ್ನು ಮರೆತು ನಾನೊಮ್ಮೆ ಅರ್ಧ ದಿನ ಕಳೆದಿದ್ದೇನೆ, ಪಿನ್ ಹಾಕುತ್ತಿದ್ದೆ, ಕಪ್ಲರ್ ಕೂರಿಸಿದರೆ ಅದು ಹಿಂದಿನಿಂದ ಹೊರಬರುತ್ತಿತ್ತು.

ಪ್ಲಾಸ್ಟಿಕ್ ಪೂರ್ತಿ ಪುಡಿಯಾಗಿದ್ದರೆ ಸೂಜಿಯ ಗೋಜೇ ಇಲ್ಲ. ಪ್ಲೈಯರ್‌ನಿಂದ ಗೂಡನ್ನೇ ಚೂರು ಚೂರು ಮಾಡಿ ಪಿನ್ ಬಿಡಿಸಿಕೊಳ್ಳಿ. ಎಲ್ಲರೂ ಪ್ಲಾಸ್ಟಿಕ್ ಉಳಿಸಲು ಹೋಗಿ ವೈರ್ ಕತ್ತರಿಸುತ್ತಾರೆ, ಮಾಡಬೇಕಾದ್ದು ಅದರ ತಿರುವುಮುರುವು. ಒಂದು ಪಿನ್ ಬಿಡಿಸಿದ ಕೂಡಲೇ ಹೊಸ ಗೂಡಿನ ಅದೇ ಮನೆಗೆ ಹಾಕಿ, "ಟಕ್" ಅನ್ನಬೇಕು. ಸ್ವಲ್ಪ ಎಳೆದು ನೋಡಿ, ಆಮೇಲೆ ಮುಂದಿನದು. ಮೂರು ವೈರಿನ ಥ್ರಾಟಲ್ ಸೆನ್ಸರ್‌ನಲ್ಲಿ ಒಂದು 5 ವೋಲ್ಟ್, ಒಂದು ಅರ್ಥ್, ಒಂದು ಸಿಗ್ನಲ್. ಅದಲುಬದಲಾದರೆ ಸೆನ್ಸರ್ ಸುಳ್ಳು ಹೇಳಲು ಶುರುಮಾಡುತ್ತದೆ.

ಹೊಸ ಗೂಡು ಎಲ್ಲಿ ಸಿಗುತ್ತದೆ? ಹಳೆಯದನ್ನು ಚೂರಾದರೂ ಸರಿ ಪೊಟ್ಟಣ ಕಟ್ಟಿಕೊಂಡು ಆಟೋ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಗೆ ಹೋಗಿ, ಪಿನ್ನಿನ ಸಂಖ್ಯೆ, ಲಾಕಿನ ಜಾಗ, ಒಳಗಿನ ಗೆರೆ ಹೋಲಿಸಿ ತನ್ನಿ. ಕಾರಿನ ಹೆಸರು ಹೇಳಿ ಕೇಳಿದರೆ "ಇಲ್ರಿ" ಅಂದುಬಿಡುತ್ತಾರೆ, ವಸ್ತು ತೋರಿಸಿದರೆ ಡಬ್ಬಿ ತೆಗೆಯುತ್ತಾರೆ. ಗುಜರಿಯಲ್ಲಿ ಕೊಳ್ಳುವುದಾದರೆ ಬಾನೆಟ್ ಒಳಗಿನದು ಬೇಡ, ಅದಕ್ಕೂ ನಿಮ್ಮದರಷ್ಟೇ ವಯಸ್ಸು.

ಪಿನ್ನೇ ಕಪ್ಪಾಗಿದ್ದರೆ ಅಥವಾ ಸಡಿಲವಾಗಿದ್ದರೆ ಮಾತ್ರ ಕತ್ತರಿ ಹೊರಗೆ ಬರಲಿ. ಹೊಸ ಪಿನ್ನಿನ ಹಿಂದೆ ಎರಡು ಜೊತೆ ರೆಕ್ಕೆ ಇರುತ್ತವೆ. ಒಂದು ಜೊತೆ ತಾಮ್ರವನ್ನು ಅಪ್ಪಬೇಕು, ಇನ್ನೊಂದು ವೈರಿನ ಮೇಲಿನ ರಬ್ಬರಿನಂಥ ಹೊದಿಕೆಯನ್ನು. ಕ್ರಿಂಪಿಂಗ್ ಪ್ಲೈಯರ್ ಇಲ್ಲದೆ ಇದು ಆಗುವುದಿಲ್ಲ. ನನ್ನ ಹೊಟ್ಟೆಪಾಡೇ ಬೆಸುಗೆ, ಆದರೂ ಪಿನ್ನಿಗೆ ಬೆಸುಗೆ ಹಾಕಬೇಡಿ ಅನ್ನುತ್ತೇನೆ. ಸೋಲ್ಡರ್ ವೈರಿನ ಎಳೆಗಳೊಳಗೆ ಏರಿ ಅಷ್ಟು ಉದ್ದ ಕಡ್ಡಿಯಾಗುತ್ತದೆ. ಇಂಜಿನ್ ನಡುಗುತ್ತಲೇ ಇರುತ್ತದೆ, ಕಡ್ಡಿ ಮುಗಿದು ಎಳೆ ಶುರುವಾಗುವ ಜಾಗದಲ್ಲೇ ವೈರ್ ತುಂಡಾಗುತ್ತದೆ. ವೈರಿಗೆ ವೈರ್ ಜೋಡಿಸಲೇಬೇಕಾದರೆ ಜಾಯಿಂಟ್‌ಗಳನ್ನು ಹಿಂದೆ ಮುಂದೆ ಮಾಡಿ, ಒಂದರ ಪಕ್ಕ ಒಂದು ಬರಬಾರದು. ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ, ಒಳಮೈಗೆ ಅಂಟು ಬಳಿದಿರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಹೊರಗೆ ಬಟ್ಟೆ ಟೇಪ್ ಸುತ್ತಿ. ಇಷ್ಟು ಮಾಡಿದ್ದರೆ ನಾನು ಅವತ್ತು ಕೊಲ್ಹಾರದಲ್ಲಿ ನಿಲ್ಲುತ್ತಿರಲಿಲ್ಲ.

ನಿಮ್ಮ ಮೈಲೇಜಿನ ವಿಷಯಕ್ಕೆ ಬರುತ್ತೇನೆ. ನಾನಾದರೆ ಕೂಲಂಟ್ ಟೆಂಪರೇಚರ್ ಸೆನ್ಸರಿನ ಕಪ್ಲರಿನಿಂದ ಶುರುಮಾಡುತ್ತೇನೆ. ಆ ಸೆನ್ಸರ್ ತಣ್ಣಗಿದ್ದಾಗ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾದಂತೆ ಕಡಿಮೆ. ಕಪ್ಲರ್ ಸಡಿಲವಾಗಿ ಅಲ್ಲಿ ಒಂದಿಷ್ಟು ರೆಸಿಸ್ಟೆನ್ಸ್ ಸೇರಿದರೆ, ಬಿಸಿ ಇಂಜಿನ್ನೂ ಇಸಿಯು ಕಣ್ಣಿಗೆ ತಣ್ಣಗೆ ಕಾಣುತ್ತದೆ. ಚಳಿಯಲ್ಲಿದೆ ಪಾಪ ಅಂತ ಅದು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ನನ್ನ ಗಾಡಿಯಲ್ಲಿ ಪ್ಲಗ್ ಕರ್ರಗಾಗಿ, ಸೈಲೆನ್ಸರ್ ಬಾಯಿಯಲ್ಲಿ ಮಸಿ ಕೂತಿತ್ತು. ನಿಮ್ಮದರಲ್ಲೂ ಹಾಗಿದೆಯಾ ನೋಡಿ. ಅನುಮಾನ ಇರುವ ಕಪ್ಲರ್‌ಗಳನ್ನು ಇಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಒಣ ಮರದ ಕಡ್ಡಿಯಿಂದ ಒಂದೊಂದಾಗಿ ಅಲುಗಾಡಿಸಿ. ಯಾವುದನ್ನು ಮುಟ್ಟಿದಾಗ ಇಂಜಿನ್ ಸದ್ದು ಬದಲಾಗುತ್ತದೋ ಅದೇ ಕಳ್ಳ. ಬೆಲ್ಟು, ಫ್ಯಾನಿನ ಹತ್ತಿರ ಮಾತ್ರ ಅಂಗಿ ತೋಳು ಜೋಕೆ.

ಲಾಕ್ ಮಾತ್ರ ಮುರಿದು ಮೈ ಗಟ್ಟಿ ಇದ್ದರೆ ಕಪ್ಪು ಕೇಬಲ್ ಟೈ ಒಂದನ್ನು ಸುತ್ತ ಬಿಗಿದರೆ ಸಾಕು. ಚೆಂದ ಕಾಣುವುದಿಲ್ಲ, ಆದರೆ ನನ್ನ ಗಾಡಿಯಲ್ಲಿ ಒಂದು ಕಪ್ಲರ್ ಮೂರು ವರ್ಷದಿಂದ ಹಾಗೇ ಇದೆ. ಫೆವಿಕ್ವಿಕ್ ಯಾಕೆ ಬೇಡ ಅಂದರೆ, ಅದು ನೀರಿನ ಹಾಗೆ ಹರಿದು ಪಿನ್ನಿನ ಮೇಲೆ ಕೂತರೆ ಕರೆಂಟಿಗೆ ಅಡ್ಡ. ಬಿಸಿಗೂ ನಿಲ್ಲುವುದಿಲ್ಲ. ಎಂ-ಸೀಲ್ ಮೆತ್ತಿದವರನ್ನೂ ನೋಡಿದ್ದೇನೆ, ಆಮೇಲೆ ಸೆನ್ಸರ್ ಕೆಟ್ಟರೆ ಉಳಿ ಸುತ್ತಿಗೆ ತರಬೇಕು!

ಹೆಡ್‌ಲೈಟ್ ಹೋಲ್ಡರ್ ಕಂದಾಗಿರುವುದು ಬೇರೆ ರೋಗ. ನಿಮ್ಮ ಎಚ್4 ಬಲ್ಬಿಗೆ 60/55 ವ್ಯಾಟ್ (ಹೈ ಬೀಮ್/ಲೋ ಬೀಮ್), ಅಂದರೆ 12 ವೋಲ್ಟಿನಲ್ಲಿ ಸುಮಾರು 5 ಆಂಪಿಯರ್. ಲೈಟ್ ಹಾಕಿ, ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಕಡ್ಡಿ ಹೋಲ್ಡರಿನ ಹಿಂದಿನ ವೈರಿಗೆ, ಇನ್ನೊಂದು ಅದೇ ವೈರಿನ ಕಡೆಯ ಬಲ್ಬಿನ ಕಾಲಿಗೆ ಹಿಡಿಯಿರಿ. 0.1 ವೋಲ್ಟಿನೊಳಗೆ ತೋರಿಸಿದರೆ ಚಿಂತೆಯಿಲ್ಲ. 0.5 ತೋರಿಸಿದರೆ, 5 ಆಂಪಿಯರ್ ಗುಣಿಸಿ 0.5, ಎರಡೂವರೆ ವ್ಯಾಟ್ ಬಿಸಿ ಆ ಸಣ್ಣ ಪಿನ್ನಿನಲ್ಲೇ ಕೂತು ಪ್ಲಾಸ್ಟಿಕ್ ಬೇಯಿಸುತ್ತಿದೆ. ಹಿಂದಿನ ಮಾಲೀಕರು 100/90 ಬಲ್ಬ್ ಹಾಕಿದ್ದರಾ ನೋಡಿ. ಅದಕ್ಕೆ 8 ಆಂಪಿಯರ್ ಮೇಲೆ ಬೇಕು, ಅದೇ ಪಿನ್ನಿನಲ್ಲಿ ಬಿಸಿ ಎರಡೂವರೆ ಪಟ್ಟಿಗಿಂತ ಜಾಸ್ತಿ. ಅದನ್ನು ತೆಗೆದು ಕಂಪನಿ ವ್ಯಾಟಿನ ಬಲ್ಬ್ ಹಾಕಿ, ಹೋಲ್ಡರ್ ಪಿಂಗಾಣಿಯದು ಕೇಳಿ ತನ್ನಿ. ಅದರ ವೈರ್ ಮಾತ್ರ ಮನೆ ವೈರಿಂಗಿನ ಒಂಟಿ ಎಳೆಯದ್ದಾಗಿರಬಾರದು, ಸಣ್ಣ ಎಳೆಗಳದ್ದಾಗಿರಬೇಕು.

ಇಡೀ ವೈರಿಂಗ್ ಬದಲಿಸಲೇಬೇಕಾದ ಗಾಡಿಯೂ ಇರುತ್ತದೆ. ಕಪ್ಲರಿನಿಂದ ಒಂದು ಗೇಣು ಹಿಂದೆ ವೈರನ್ನು ಬೆರಳಿಗೆ ಸುತ್ತಿ ನೋಡಿ. ಹೊದಿಕೆ ಅಲ್ಲೂ ಬಿರಿದು ಕರಿ ತಾಮ್ರ ಕಂಡರೆ, ಅಥವಾ ಜೋಳದ ಚೀಲದ ಪಕ್ಕ ನಿಲ್ಲಿಸಿದ ಗಾಡಿಯಲ್ಲಿ ಇಲಿ ಸಂಸಾರ ಹೂಡಿದ್ದರೆ, ನಿಮ್ಮ ಗ್ಯಾರೇಜಿನವರು ಹೇಳಿದ್ದೇ ಸರಿ. ಬಿರಿದಿರುವುದು ಕಪ್ಲರಿನ ಬುಡದ ಎರಡು ಇಂಚು ಮಾತ್ರವಾದರೆ ಅಷ್ಟನ್ನೇ ಕತ್ತರಿಸಿ ಹೊಸದು ಸೇರಿಸಿ.

ಒಂದು ಭಾನುವಾರಕ್ಕೆ ಎರಡೇ ಕಪ್ಲರ್ ಇಟ್ಟುಕೊಳ್ಳಿ. ಬ್ಯಾಟರಿ ಮತ್ತೆ ಹಾಕಿದ ಮೇಲೆ ಊರಾಚೆ ಹೋಗಬೇಡಿ, ನವನಗರದೊಳಗೇ ನಾಲ್ಕು ಸುತ್ತು ಹೊಡೆದು ಮನೆಗೆ ಬಂದು, ಬಾನೆಟ್ ಎತ್ತಿ ಹೊಸ ಕಪ್ಲರನ್ನು ಮುಟ್ಟಿ ನೋಡಿ. ಹೆಡ್‌ಲೈಟಿನಂಥ ಜಾಸ್ತಿ ಕರೆಂಟಿನ ಕಪ್ಲರ್ ಪಕ್ಕದವುಗಳಿಗಿಂತ ಜಾಸ್ತಿ ಬಿಸಿ ಇದ್ದರೆ ಪಿನ್ ಸರಿಯಾಗಿ ಕೂತಿಲ್ಲದಿರಬಹುದು, ಮತ್ತೆ ಸೂಜಿ ತೆಗೆಯಿರಿ.