ಹಳೆಯ ಸ್ಕಾ-ಪಂಕ್ ಬ್ಯಾಂಡ್ ದೊಡ್ಡ ಕಂಪನಿ ಬಿಟ್ಟು ಸ್ವಂತವಾಗಿ ಆಲ್ಬಂ ತಂದರೆ ‘ನಮ್ಮ ಬ್ಯಾಂಡ್ ವಾಪಸ್ ಬಂತು’ ಅಂತ ಅಭಿಮಾನಿಗಳು ಕುಣಿಯುತ್ತಾರಲ್ಲ, ಅದು ನಿಜವೇ?

ಇದು ನಿಮ್ಮ ಪ್ರಶ್ನೆ. ಅದರ ಕೆಳಗೆ ನೀವು ಅಮೆರಿಕದ ಲೆಸ್ ದ್ಯಾನ್ ಜೇಕ್ ಬ್ಯಾಂಡಿನ ‘ಜಿಎನ್‌ವಿ ಎಫ್‌ಎಲ್‌ಎ’ ಆಲ್ಬಮ್ಮಿನ ಉದಾಹರಣೆ ಕೊಟ್ಟಿದ್ದೀರಿ. ಅದನ್ನು ನೋಡಿ ಸುಮ್ಮನೆ ಮುಂದೆ ಹೋಗಲು ಮನಸ್ಸಾಗಲಿಲ್ಲ. 2008ರ ಜೂನ್‌ನಲ್ಲಿ ಆ ಆಲ್ಬಂ ಹೊರಬಂದಾಗ ನಾನು ಆ ಬ್ಯಾಂಡಿನ ಊರಿನಲ್ಲೇ ಇದ್ದೆ. ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಎಂ.ಎಸ್. ಓದುತ್ತಿದ್ದೆ. ಎಫ್‌ಎಲ್‌ಎ ಅಂದರೆ ಫ್ಲಾರಿಡಾ, ಜಿಎನ್‌ವಿ ಅಂದರೆ ಆ ಊರಿನ ವಿಮಾನ ನಿಲ್ದಾಣದ ಸಂಕೇತ. ಹಿಂದಿನ ವರ್ಷ ಮಂಗಳೂರಿನಿಂದ ಹೊರಟಾಗ ನನ್ನ ಸೂಟ್‌ಕೇಸಿಗೆ ಅಂಟಿಸಿದ್ದ ಚೀಟಿಯ ಮೇಲೂ ಇದ್ದದ್ದು ಆ ಮೂರೇ ಅಕ್ಷರ. ಆಲ್ಬಮ್ಮಿನ ಹೆಸರು ಓದಿದ ಕೂಡಲೇ ನನಗೆ ನೆನಪಾದದ್ದು ಹಾಡಲ್ಲ, ಆ ಚೀಟಿ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಖುಷಿ ನಿಜ, ಆದರೆ ಅದಕ್ಕೆ ಅವರು ಕೊಡುವ ಕಾರಣ ಸುಳ್ಳು.

ಸ್ಕಾ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು-ಎರಡು-ಮೂರು-ನಾಲ್ಕು ಅಂತ ತೊಡೆಯ ಮೇಲೆ ತಾಳ ತಟ್ಟಿ. ಗಿಟಾರ್ ‘ಚಕ್’ ಅನ್ನುವುದು ಏಟಿನ ಮೇಲಲ್ಲ, ಎರಡು ಏಟುಗಳ ನಡುವಿನ ಸಂದಿಯಲ್ಲಿ. ಕಾಲು ತಾನಾಗಿ ಎದ್ದು ಕುಣಿಯುವುದು ಆ ಸಂದಿಯಿಂದಲೇ. ಐವತ್ತರ ದಶಕದ ಕೊನೆಗೆ ಜಮೈಕಾದಲ್ಲಿ ಹುಟ್ಟಿದ್ದು, 1979ರ ಹೊತ್ತಿಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಟೂ ಟೋನ್ ಲೇಬಲ್ಲಿನವರ ಕೈಗೆ ಬಂತು (ಲೇಬಲ್ ಅಂದರೆ ಆಲ್ಬಂ ಹೊರತರುವ ಕಂಪನಿ). ಮುಂದೆ ಅಮೆರಿಕದ ಹುಡುಗರು ಅದಕ್ಕೆ ಪಂಕ್ ರಾಕಿನ ವೇಗ, ಗದ್ದಲ ಬೆರೆಸಿದರು. ಜೊತೆಗೆ ಟ್ರಾಂಬೋನ್, ಸ್ಯಾಕ್ಸೋಫೋನ್. ನಮ್ಮ ಕಡೆಯವನಿಗೆ ಸ್ಯಾಕ್ಸೋಫೋನ್ ಅಂದರೆ ಮದುವೆಮನೆ, ದೇವಸ್ಥಾನದ ಉತ್ಸವ, ಕದ್ರಿ ಗೋಪಾಲನಾಥ್. ಅದೇ ವಾದ್ಯ ಎಲೆಕ್ಟ್ರಿಕ್ ಗಿಟಾರಿನ ಜೊತೆ ಜಗಳಕ್ಕೆ ನಿಂತದ್ದನ್ನು ನಾನು ಮೊದಲು ಕೇಳಿದ್ದು ಗೆಳೆಯನ ಮನೆಯಲ್ಲಿ. ಅವನ ಮಾವ ದುಬೈಯಿಂದ ತಂದಿದ್ದ ಪ್ಲೇಸ್ಟೇಷನ್‌ನಲ್ಲಿ ಟೋನಿ ಹಾಕ್ ಸ್ಕೇಟಿಂಗ್ ಆಟ ಇತ್ತು, ಅದರಲ್ಲಿ ಗೋಲ್ಡ್‌ಫಿಂಗರ್ ಬ್ಯಾಂಡಿನ ಒಂದು ಹಾಡು. ಸ್ಕೇಟ್‌ಬೋರ್ಡ್ ಕಣ್ಣಾರೆ ಕಾಣದ ಇಬ್ಬರು ಹುಡುಗರು ಆ ಹಾಡಿಗಾಗಿಯೇ ಆಟವನ್ನು ಮತ್ತೆ ಮತ್ತೆ ಶುರು ಮಾಡುತ್ತಿದ್ದೆವು.

ಈಗ ವಿಷಯಕ್ಕೆ ಬರೋಣ. ಲೆಸ್ ದ್ಯಾನ್ ಜೇಕ್ 1992ರಲ್ಲಿ ಗೇನ್ಸ್‌ವಿಲ್‌ನಲ್ಲಿ ಶುರುವಾದ ಬ್ಯಾಂಡ್. (ಹೆಸರಿನ ಕಥೆ ಚೆನ್ನಾಗಿದೆ. ಜೇಕ್ ಅಂದರೆ ಡ್ರಮ್ಮರ್ ವಿನ್ನಿ ಫಿಯೊರೆಲ್ಲೊ ಅವರ ಮನೆಯ ನಾಯಿ. ಅದಕ್ಕೆ ಸಿಗುತ್ತಿದ್ದ ಮರ್ಯಾದೆ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲವಂತೆ. ಹಾಗಾಗಿ ಉಳಿದವರೆಲ್ಲ ‘ಜೇಕ್‌ಗಿಂತ ಕಡಿಮೆ’.) ಅಭಿಮಾನಿಗಳು ಇವತ್ತಿಗೂ ಎದೆಗೆ ಒತ್ತಿಕೊಳ್ಳುವುದು 1996ರ ‘ಲೂಸಿಂಗ್ ಸ್ಟ್ರೀಕ್’ ಮತ್ತು 1998ರ ‘ಹಲೋ ರಾಕ್‌ವ್ಯೂ’ ಆಲ್ಬಂಗಳನ್ನು. ಮುನಿಸಿಕೊಂಡದ್ದು 2006ರ ‘ಇನ್ ವಿತ್ ದಿ ಔಟ್ ಕ್ರೌಡ್’ ಮೇಲೆ. ಅದರಲ್ಲಿ ಸ್ಕಾ ತೆಳುವಾಗಿತ್ತು, ಟ್ರಾಂಬೋನ್ ಮೂಲೆ ಸೇರಿತ್ತು, ಎಲ್ಲವೂ ರೇಡಿಯೋಗೆಂದೇ ಪಾಲಿಶ್ ಹಾಕಿದ ಹಾಗಿತ್ತು. ಎರಡು ವರ್ಷದ ಮೇಲೆ ಬ್ಯಾಂಡು ಸೈರ್ ಅನ್ನುವ ದೊಡ್ಡ ಕಂಪನಿಯಿಂದ ಹೊರಬಂದು, ‘ಸ್ಲೀಪ್ ಇಟ್ ಆಫ್’ ಅನ್ನುವ ತನ್ನದೇ ಲೇಬಲ್ಲಿನಿಂದ ಈ ಆಲ್ಬಂ ತಂದಿತು.

ಆ ಜೂನ್ ನನಗೆ ಚೆನ್ನಾಗಿ ನೆನಪಿದೆ. ಸೆಮಿಸ್ಟರ್ ಮುಗಿದು ವಿದ್ಯಾರ್ಥಿಗಳು ಹೊರಟುಹೋದರೆ ಗೇನ್ಸ್‌ವಿಲ್ ಅರ್ಧ ಖಾಲಿ. ಮಧ್ಯಾಹ್ನ ಮೂರಕ್ಕೆ ನಮ್ಮೂರಿನಂತೆಯೇ ಮಳೆ, ಆಮೇಲೆ ಬೆವರು. ನನ್ನ ಲ್ಯಾಬಿನಲ್ಲಿ ಹುಟ್ಟಿದ್ದೂ ಬೆಳೆದದ್ದೂ ಅಲ್ಲೇ ಆಗಿದ್ದ ಒಬ್ಬನಿದ್ದ. ಸಿಡಿ ತಂದವನೇ ನನ್ನನ್ನು ತನ್ನ ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಊರು ಸುತ್ತಿಸಿದ. ಸ್ಯಾಕ್ಸ್ ಕೇಳಿಸಿದ ಕ್ಷಣ ಸ್ಟಿಯರಿಂಗ್ ಮೇಲೆ ಎರಡು ಗುದ್ದು. “ನೋಡು, ಕಂಪನಿಯವರ ಕೈ ತಪ್ಪಿದ ಕೂಡಲೇ ನಮ್ಮ ಹುಡುಗರು ನಮಗೆ ಸಿಕ್ಕಿದರು” ಅಂದ. ಅವನ ತಂಗಿ ಒಪ್ಪಲಿಲ್ಲ. ಇದರಲ್ಲಿ ಪಂಕೇ ಜಾಸ್ತಿ, ಸ್ಕಾ ಕಮ್ಮಿ, ರಾಕ್‌ವ್ಯೂ ಎಲ್ಲಿ ಇದೆಲ್ಲಿ ಅಂತ ಅವಳ ತಕರಾರು. ಇವರ ಗೆಳೆಯನೊಬ್ಬ ಇನ್ನೂ ಬಿಗಿ. 2006ರದ್ದನ್ನು ಕ್ಷಮಿಸುವವರೆಗೆ ಇದನ್ನು ಕೇಳುವುದೇ ಇಲ್ಲ ಅಂತ ಕೂತಿದ್ದ. ಅವನು ಕೊನೆಗೂ ಕೇಳಿದನೋ ಇಲ್ಲವೋ, ನನಗೆ ಹೇಳಲಿಲ್ಲ.

ಕಾರಿನಲ್ಲಿ ಕೂತು ನಾನು ತಲೆ ಅಲ್ಲಾಡಿಸಿದೆ. ಮನೆಗೆ ಬಂದ ಮೇಲೆ ಹಳೆಯ ಸಿಡಿಗಳ ಪುಸ್ತಿಕೆ ತೆಗೆದು ನೋಡಿದಾಗ ಒಂದು ಮಾತು ತಾಳೆಯಾಗಲಿಲ್ಲ. ‘ಲೂಸಿಂಗ್ ಸ್ಟ್ರೀಕ್’ ತಂದದ್ದು ಯಾರು? ಕ್ಯಾಪಿಟಲ್ ರೆಕಾರ್ಡ್ಸ್. ‘ಹಲೋ ರಾಕ್‌ವ್ಯೂ’? ಅದೂ ಕ್ಯಾಪಿಟಲ್. ಅಂದರೆ ಯಾವ ಸದ್ದನ್ನು ‘ಅಸಲಿ’ ಅಂತ ಇವರು ಹದಿನೇಳರ ವಯಸ್ಸಿನಲ್ಲಿ ಪ್ರೀತಿಸಿದ್ದರೋ, ಅದು ಪೂರ್ತಿ ದೊಡ್ಡ ಕಂಪನಿಯ ದುಡ್ಡಿನಲ್ಲೇ ತಯಾರಾದದ್ದು. ಇನ್ನೂ ಮಜಾ ಇದೆ. ‘ಹಲೋ ರಾಕ್‌ವ್ಯೂ’ದ ನಿರ್ಮಾಪಕ ಹೋವರ್ಡ್ ಬೆನ್ಸನ್. ಎಲ್ಲರೂ ಬೈದ ‘ಇನ್ ವಿತ್ ದಿ ಔಟ್ ಕ್ರೌಡ್’ನ ನಿರ್ಮಾಪಕರೂ ಅವರೇ! ಮರುದಿನ ಇದನ್ನು ನನ್ನ ಲ್ಯಾಬಿನವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗ ಅವರು ನಮ್ಮನ್ನು ಕೇಳುತ್ತಿದ್ದರು, ಈಗ ರೇಡಿಯೋವನ್ನು” ಅಂದ. ಜಾಣ ಉತ್ತರ, ನಾನು ಪೂರ್ತಿ ಒಪ್ಪದಿದ್ದರೂ.

ಬದಲಾದದ್ದು ಕಂಪನಿಗಿಂತ ಹೆಚ್ಚಾಗಿ ಕಾಲ ಅಂತ ನನ್ನ ಲೆಕ್ಕ. ತೊಂಬತ್ತರ ನಡುವಿನಲ್ಲಿ ಸ್ಕಾ-ಪಂಕೇ ರೇಡಿಯೋದ ಮಾಲು. 1997ರಲ್ಲಿ ಮೈಟಿ ಮೈಟಿ ಬಾಸ್‌ಟೋನ್ಸ್, ರೀಲ್ ಬಿಗ್ ಫಿಶ್ ಎಲ್ಲ ಅಲ್ಲಿ ಮೊಳಗುತ್ತಿದ್ದವು. ಕಂಪನಿಗೂ ಅಭಿಮಾನಿಗೂ ಬೇಕಾದದ್ದು ಒಂದೇ ಆಗಿದ್ದಾಗ ಜಗಳಕ್ಕೆ ಕಾರಣವೇ ಇರಲಿಲ್ಲ. 2006ರ ಹೊತ್ತಿಗೆ ಗಾಳಿ ಸ್ಕಾ ಇಲ್ಲದ ಪಾಪ್-ಪಂಕ್ ಕಡೆ ತಿರುಗಿತ್ತು. ಆ ಗಾಳಿಯ ಒಂದು ಪಾಲು ಇದೇ ಬ್ಯಾಂಡಿನ ಹಿತ್ತಲಿನಿಂದ ಬೀಸಿದ್ದು ಅನ್ನುವುದು ಇನ್ನೊಂದು ತಮಾಷೆ. ಡ್ರಮ್ಮರ್ ಫಿಯೊರೆಲ್ಲೊ 1996ರಲ್ಲಿ ಜಾನ್ ಜಾನಿಕ್ ಜೊತೆ ಸೇರಿ ಶುರು ಮಾಡಿದ್ದ ಪುಟ್ಟ ಲೇಬಲ್ ಫ್ಯೂಯಲ್ಡ್ ಬೈ ರಾಮೆನ್. ಫಾಲ್ ಔಟ್ ಬಾಯ್, ಪ್ಯಾರಮೋರ್ ಅನ್ನುವ ಪಾಪ್-ಪಂಕ್ ಬ್ಯಾಂಡುಗಳು ಬೆಳೆದದ್ದು ಆ ಅಂಗಳದಲ್ಲಿ.

ಹಾಗಾದರೆ ಸ್ವಂತ ಲೇಬಲ್ಲಿನಿಂದ ಏನೂ ಆಗಲಿಲ್ಲವೇ? ಆಯಿತು. ದೊಡ್ಡ ಕಂಪನಿ ಮುಂಗಡ ಕೊಡುತ್ತದೆ, ಆದರೆ ಅದು ಸಾಲ ಇದ್ದ ಹಾಗೆ. ರಾಯಲ್ಟಿಯಲ್ಲಿ ಮುರಿದು ಅದು ತೀರುವವರೆಗೆ ಬ್ಯಾಂಡಿನ ಕೈಗೆ ಮಾರಾಟದ ಕಾಸು ಬರುವುದಿಲ್ಲ. ಅಷ್ಟು ದುಡ್ಡು ಹಾಕಿದವನು ‘ರೇಡಿಯೋಗೆ ಒಂದು ಹಾಡು ಕೊಡಿ’ ಅನ್ನದೆ ಇರುತ್ತಾನೆಯೇ? ಸ್ವಂತದ್ದಾದರೆ ಖರ್ಚೂ ನಿಮ್ಮದೇ, ಹಕ್ಕೂ ನಿಮ್ಮದೇ, ಹಾಗೆ ಕೇಳುವವರು ಯಾರೂ ಇಲ್ಲ. ಈ ಆಲ್ಬಮ್ಮನ್ನು ಅವರು ನಿರ್ಮಾಪಕ ಮ್ಯಾಟ್ ಆಲಿಸನ್ ಜೊತೆ ಮಾಡಿದರು, ಹೊಳಪು ಕಮ್ಮಿ, ಒರಟು ಜಾಸ್ತಿ. ಅದಕ್ಕಿಂತ ಮುಖ್ಯ ಅಂತ ನನಗೆ ಕಾಣುವುದು ಹೆಸರು. ದೇಶವೆಲ್ಲ ಮಾರಬೇಕಾದ ಸರಕಿಗೆ ಸಣ್ಣ ಊರಿನ ವಿಮಾನ ನಿಲ್ದಾಣದ ಸಂಕೇತವನ್ನು ಹೆಸರಾಗಿ ಇಡಲು ಯಾವ ಮಾರ್ಕೆಟಿಂಗ್ ವಿಭಾಗ ಒಪ್ಪೀತು?

ಆದರೆ ಅದರೊಳಗಿನ ಹಾಡುಗಳು ‘ವಾಪಸ್ ಬಂದ’ವರ ಹಾಡುಗಳಲ್ಲ. ಹಳೆಯ ಆಲ್ಬಮ್ಮುಗಳಲ್ಲಿ ಊರು ಅಂದರೆ ಬೇಜಾರು, ಯಾವಾಗ ಬಿಟ್ಟು ಓಡುವುದೋ ಅನ್ನುವ ತವಕ. ಇದರಲ್ಲಿ ಹಾಡುವವರು ಓಡದೆ ಉಳಿದವರು, ಊರನ್ನೂ ಸುತ್ತಲಿನವರನ್ನೂ ನೋಡಿ ಗಾಬರಿಯಾದವರು. ಲ್ಯಾಬಿನವನ ತಂಗಿ ಹೇಳಿದ್ದು ಸರಿ, ಇದು ರಾಕ್‌ವ್ಯೂ ಅಲ್ಲ. ನನಗೆ ಇಷ್ಟವಾದದ್ದೂ ಅದಕ್ಕೇ. ಊರು ಬಿಟ್ಟು ಬಂದವನಿಗೆ ಊರಿನಲ್ಲೇ ಉಳಿದವರ ಹಾಡು ಬೇರೆ ಥರ ಚುಚ್ಚುತ್ತದೆ.

ಮುಂದೆಯೂ ಬ್ಯಾಂಡು ಸ್ವಾತಂತ್ರ್ಯದ ಬಾವುಟ ಹಿಡಿದುಕೊಂಡೇ ಕೂರಲಿಲ್ಲ. 2010ರಲ್ಲಿ ಟಿವಿ ಕಾರ್ಯಕ್ರಮಗಳ ಶೀರ್ಷಿಕೆ ಹಾಡುಗಳನ್ನೆಲ್ಲ ನುಡಿಸಿ ಒಂದು ಪುಟ್ಟ ರೆಕಾರ್ಡ್ ತಂದರು. ಕಂಪನಿಯಲ್ಲಿದ್ದಿದ್ದರೆ ಇಂಥ ಹುಚ್ಚಾಟ ನಡೆಯುತ್ತಿರಲಿಲ್ಲ ಬಿಡಿ. 2013ರ ‘ಸೀ ದಿ ಲೈಟ್’ ಆಲ್ಬಮ್ಮನ್ನು ಬಾಸ್ ನುಡಿಸುವ ರಾಜರ್ ಲೀಮಾ ಅವರ ಸ್ವಂತ ಸ್ಟುಡಿಯೋದಲ್ಲೇ ರೆಕಾರ್ಡ್ ಮಾಡಿ ಫ್ಯಾಟ್ ರೆಕ್ ಕಾರ್ಡ್ಸ್ ಅನ್ನುವ ಬೇರೆಯವರ ಲೇಬಲ್ಲಿಗೆ ಕೊಟ್ಟರು. ಆಮೇಲೆ ಪ್ಯೂರ್ ನಾಯ್ಸ್ ಲೇಬಲ್. 2018ರಲ್ಲಿ ಫಿಯೊರೆಲ್ಲೊ ಊರೂರು ಸುತ್ತುವುದನ್ನು ನಿಲ್ಲಿಸಿದರು. ಅಷ್ಟೂ ವರ್ಷ ಬ್ಯಾಂಡಿನ ಸಾಹಿತ್ಯ ಬರೆಯುತ್ತಿದ್ದವರು ಅವರೇ. 2020ರ ಡಿಸೆಂಬರ್‌ನಲ್ಲಿ ‘ಸಿಲ್ವರ್ ಲೈನಿಂಗ್ಸ್’ ಬಂದ ದಿನ ನಾನು ಬೆಂಗಳೂರಿನಲ್ಲಿದ್ದೆ. ಲ್ಯಾಬಿನವನಿಂದ ಮೆಸೇಜ್ ಬಂತು: “ಸಾಹಿತ್ಯ ಯಾರದ್ದು ಅಂತ ಮೊದಲು ನೋಡಿದೆ.” ಲೇಬಲ್ ಯಾವುದು ಅನ್ನುವ ಮಾತೇ ಅವನ ಬಾಯಲ್ಲಿ ಬರಲಿಲ್ಲ.

ನೀವು ಇನ್ನೂ ಕೇಳಿಲ್ಲವಾದರೆ ‘ಹಲೋ ರಾಕ್‌ವ್ಯೂ’ ಮೊದಲು, ಬೈಸಿಕೊಂಡ 2006ರದ್ದು ಆಮೇಲೆ, ‘ಜಿಎನ್‌ವಿ ಎಫ್‌ಎಲ್‌ಎ’ ಕೊನೆಗೆ ಕೇಳಿ. ನಡುವಿನದನ್ನು ಹಾರಿಸಬೇಡಿ. ಅದರಲ್ಲೂ ಒಂದೆರಡು ಒಳ್ಳೆಯ ಹಾಡುಗಳಿವೆ, ಗೇನ್ಸ್‌ವಿಲ್‌ನಲ್ಲಿ ಇದ್ದಷ್ಟು ದಿನ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.